ಸ್ಪ್ಯಾಮ್ ಮೇಲ್ ತಡೆಯುವ ದಾರಿಗಳು: ಯಾವುದು ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ?

"ಈ ಒಂದು ಸೆಟ್ಟಿಂಗ್ ಬದಲಿಸಿ, ಇನ್ನು ಜನ್ಮದಲ್ಲಿ ಸ್ಪ್ಯಾಮ್ ಮೇಲ್ ಬರಲ್ಲ. ಎಲ್ಲರಿಗೂ ಶೇರ್ ಮಾಡಿ." ಇಂಥ ಒಕ್ಕಣೆಯ ಫಾರ್ವರ್ಡ್‌ಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ಜೊತೆಗೆ ಇನ್ನಷ್ಟು ಉಪದೇಶವೂ ಇರುತ್ತದೆ: ಸ್ಪ್ಯಾಮ್ ಫೋಲ್ಡರ್ ತೆರೆಯಲೇಬೇಡಿ, ಅನ್‌ಸಬ್‌ಸ್ಕ್ರೈಬ್ ಒತ್ತಲೇಬೇಡಿ, ಬ್ಲಾಕ್ ಮಾಡಿದರೆ ಸಾಕು. ಇವುಗಳಲ್ಲಿ ಎಷ್ಟು ನಿಜ?

ಉತ್ತರಕ್ಕೆ ಮೊದಲು ನಾವು ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳಬೇಕು. ನಮ್ಮ ಜೊತೆ ಕೆಲಸ ಮಾಡುವವರೊಬ್ಬರ ತಂಗಿ ಬಿಇ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಒಂದು ಕಂಪನಿ ಸಂದರ್ಶನಕ್ಕೆ ಕರೆದು ಮೇಲ್ ಕಳುಹಿಸಿತ್ತು. ಆ ಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಕೂತಿತ್ತು. ಆಕೆ ಅದನ್ನು ನೋಡುವ ಹೊತ್ತಿಗೆ ಸಂದರ್ಶನದ ದಿನ ಮುಗಿದು ನಾಲ್ಕು ದಿನವಾಗಿತ್ತು. ಅದೇ ವಾರ "ನಿಮ್ಮ ಆಫರ್ ಲೆಟರ್ ಸಿದ್ಧವಾಗಿದೆ, ನೋಂದಣಿ ಶುಲ್ಕ ಕಟ್ಟಿ" ಎಂಬ ಮೋಸದ ಮೇಲ್ ಸಲೀಸಾಗಿ ಇನ್‌ಬಾಕ್ಸ್‌ಗೇ ಬಂದಿತ್ತು. ಅಣ್ಣ ನೋಡಿ ತಡೆದಿದ್ದರಿಂದ ದುಡ್ಡು ಉಳಿಯಿತು. ಹೋದ ಸಂದರ್ಶನ ಮಾತ್ರ ಮತ್ತೆ ಸಿಗಲಿಲ್ಲ.

ಫಿಲ್ಟರ್ ಒಂದೇ, ಆದ ತಪ್ಪು ಎರಡು. ಸ್ಪ್ಯಾಮ್ ತಡೆಯುವ ಯಾವ ವಿಧಾನವನ್ನು ಅಳೆಯುವುದಾದರೂ ಈ ಎರಡು ತಪ್ಪುಗಳನ್ನು ಜೊತೆಯಲ್ಲೇ ನೋಡಬೇಕು.

ಸ್ಪ್ಯಾಮ್ ಬರುವುದಾದರೂ ಏಕೆ?

1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್, ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ತಮ್ಮ ಹೊಸ ಯಂತ್ರಗಳ ಜಾಹೀರಾತನ್ನು ಒಟ್ಟಿಗೇ ಕಳುಹಿಸಿದರು. ಇದನ್ನೇ ಮೊದಲ ಸ್ಪ್ಯಾಮ್ ಮೇಲ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಇಮೇಲ್ ಸಾಗಿಸುವ ಮೂಲ ನಿಯಮಗಳು 1982ರಲ್ಲಿ ರೂಪುಗೊಂಡವು. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳವರು. ಮೋಸದ ಭಯ ಅಷ್ಟಾಗಿ ಇರಲಿಲ್ಲ. ಹಾಗಾಗಿ ಕಳುಹಿಸಿದವರು ನಿಜಕ್ಕೂ ಅವರೇನಾ ಎಂದು ಪರೀಕ್ಷಿಸುವ ವ್ಯವಸ್ಥೆಯನ್ನು ಅದರಲ್ಲಿ ಸೇರಿಸಿರಲಿಲ್ಲ.

ಶಾಲೆಯಲ್ಲಿ ಪತ್ರಲೇಖನ ಬರೆಯುವಾಗ "ಇಂದ" ಎಂದು ಬರೆದು ಕೆಳಗೆ ನಮ್ಮ ವಿಳಾಸ ಹಾಕುತ್ತಿದ್ದೆವಲ್ಲ, ಇಮೇಲ್‌ನ ಕಥೆಯೂ ಹಾಗೇ. ಲಕೋಟೆಯ ಮೇಲೆ "ಇಂದ: ಜಿಲ್ಲಾಧಿಕಾರಿಗಳು" ಎಂದು ಯಾರು ಬೇಕಾದರೂ ಬರೆಯಬಹುದು, ಅಂಚೆಯಣ್ಣ ತಡೆಯುವುದಿಲ್ಲ.

ಎರಡನೇ ಕಾರಣ ದುಡ್ಡು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಪ್ಯಾಮ್ ಕಳುಹಿಸುವ ಒಂದು ಜಾಲದೊಳಗೆ ನುಸುಳಿ ಲೆಕ್ಕ ಹಾಕಿದರು. ಔಷಧ ಮಾರಾಟದ ಸುಮಾರು 35 ಕೋಟಿ ಮೇಲ್ 26 ದಿನಗಳಲ್ಲಿ ಹೋಗಿದ್ದವು. ಕೊಳ್ಳಲು ಮುಂದಾದವರು 28 ಜನ. ಒಂದು ಕೋಟಿಗೂ ಹೆಚ್ಚು ಮೇಲ್‌ಗೆ ಒಬ್ಬ ಗಿರಾಕಿ! ಆದರೂ ಈ ದಂಧೆ ನಡೆಯುವುದು ಯಾಕೆಂದರೆ ಕಳುಹಿಸುವ ಖರ್ಚು ಬಹುತೇಕ ಸೊನ್ನೆ. ಎಷ್ಟೋ ಸಲ ವೈರಸ್ ತಗುಲಿದ ಬೇರೆಯವರ ಕಂಪ್ಯೂಟರ್‌ಗಳೇ ಈ ಕೆಲಸಕ್ಕೆ ಬಳಕೆಯಾಗುತ್ತವೆ.

"ಶೇಕಡಾ 99 ನಿಖರ" ಎಂದರೆ ಸಾಕೇ?

ಒಂದು ಸರಳ ಲೆಕ್ಕ ಮಾಡೋಣ. ನಿಮಗೆ 1,000 ಮೇಲ್ ಬರುತ್ತವೆ, ಅದರಲ್ಲಿ 500 ಸ್ಪ್ಯಾಮ್, 500 ಒಳ್ಳೆಯವು ಎಂದುಕೊಳ್ಳಿ. ಫಿಲ್ಟರ್ ಎರಡೂ ಕಡೆ ಶೇಕಡಾ 99ರಷ್ಟು ಸರಿ. ಆಗ 5 ಸ್ಪ್ಯಾಮ್ ಒಳಗೆ ಬರುತ್ತವೆ, 5 ಒಳ್ಳೆಯ ಮೇಲ್ ಕಳೆದುಹೋಗುತ್ತವೆ. ಒಳಗೆ ಬಂದ 5 ಜಾಹೀರಾತು ಅಳಿಸಲು ಅರ್ಧ ನಿಮಿಷ ಸಾಕು. ಕಳೆದುಹೋದ ಐದರಲ್ಲಿ ಒಂದು ಸಂದರ್ಶನದ ಕರೆಯಾಗಿದ್ದರೆ? ಅಥವಾ ಲ್ಯಾಬ್ ವರದಿಯಾಗಿದ್ದರೆ?

ಫಿಲ್ಟರ್ ಬಿಗಿ ಮಾಡಿದಷ್ಟೂ ಮೊದಲ ತಪ್ಪು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆ. ಸಡಿಲ ಬಿಟ್ಟರೆ ಇದಕ್ಕೆ ಉಲ್ಟಾ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ವಿಧಾನ ನೋಡೋಣ.

1. ಬ್ಲಾಕ್ ಬಟನ್

ಅನುಕೂಲ: ಒಂದೇ ವಿಳಾಸದಿಂದ ಪದೇ ಪದೇ ಕಾಟ ಕೊಡುವವರಿಗೆ ಇದು ಸರಿಯಾದ ಮದ್ದು. ಜಿಮೇಲ್‌ನಲ್ಲಿ ಬ್ಲಾಕ್ ಮಾಡಿದ ವಿಳಾಸದ ಮೇಲ್‌ಗಳು ನೇರ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುತ್ತವೆ.

ಅನನುಕೂಲ: ವೃತ್ತಿಪರ ವಂಚಕರು ಒಂದೇ ವಿಳಾಸಕ್ಕೆ ಅಂಟಿಕೊಳ್ಳುವುದಿಲ್ಲ. ಇವತ್ತಿನ ಹೆಸರು ನಾಳೆ ಇರುವುದಿಲ್ಲ. ಹಾಗಾಗಿ "ಬ್ಲಾಕ್ ಮಾಡಿದರೆ ಸಾಕು" ಎಂಬ ಫಾರ್ವರ್ಡ್ ಅರ್ಧ ಸತ್ಯ ಮಾತ್ರ.

2. ಪದಗಳ ಪಟ್ಟಿ

"ಲಾಟರಿ", "ಉಚಿತ", "ಬಹುಮಾನ" ಎಂಬ ಪದ ಕಂಡರೆ ತಡೆ ಎಂದು ನಿಯಮ ಬರೆಯುವುದು ಹಳೆಯ ವಿಧಾನ. ಅರ್ಥ ಮಾಡಿಕೊಳ್ಳುವುದು ಸುಲಭ, ನಮ್ಮ ಮೇಲ್‌ನಲ್ಲಿ ನಾವೇ ಮಾಡಿಕೊಳ್ಳಬಹುದು.

ಆದರೆ ಯಂತ್ರಕ್ಕೆ ಸಂದರ್ಭ ತಿಳಿಯದು. ಇಂಗ್ಲಿಷಿನ "ಸೋಷಿಯಲಿಸ್ಟ್", "ಸ್ಪೆಷಲಿಸ್ಟ್" ಪದಗಳ ನಡುವಿನ ಅಕ್ಷರಗಳನ್ನು ಗಮನಿಸಿದರೆ "ಸಿಯಾಲಿಸ್" ಎಂಬ ಮಾತ್ರೆಯ ಹೆಸರು ಸಿಗುತ್ತದೆ. ಆ ಮಾತ್ರೆಯ ಹೆಸರು ಸ್ಪ್ಯಾಮ್‌ಗಳಲ್ಲಿ ತೀರಾ ಸಾಮಾನ್ಯ. ಅಕ್ಷರ ಮಾತ್ರ ನೋಡುವ ಫಿಲ್ಟರ್ ಇದ್ದರೆ ತಜ್ಞ ವೈದ್ಯರ ಮೇಲ್ ಕೂಡ ಕಸದ ಬುಟ್ಟಿಗೆ ಹೋಗುತ್ತದೆ. ಇತ್ತ ವಂಚಕರು ಅಕ್ಷರಗಳ ನಡುವೆ ಚುಕ್ಕೆ ಇಟ್ಟು, "ಓ" ಜಾಗದಲ್ಲಿ ಸೊನ್ನೆ ಹಾಕಿ ತಪ್ಪಿಸಿಕೊಳ್ಳುತ್ತಾರೆ.

3. ಕಪ್ಪು ಪಟ್ಟಿ

ಇಂಟರ್ನೆಟ್‌ನಲ್ಲಿರುವ ಪ್ರತಿ ಮೇಲ್ ಸರ್ವರ್‌ಗೂ ಒಂದು ಸಂಖ್ಯೆಯ ವಿಳಾಸ ಇರುತ್ತದೆ. ಸ್ಪ್ಯಾಮ್ ಕಳುಹಿಸಿ ಸಿಕ್ಕಿಬಿದ್ದ ವಿಳಾಸಗಳ ಪಟ್ಟಿಯನ್ನು ಕೆಲವು ಸಂಸ್ಥೆಗಳು ಇಟ್ಟಿರುತ್ತವೆ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಇವುಗಳಲ್ಲಿ ಹೆಸರುವಾಸಿ. ಮೇಲ್ ಬಾಗಿಲಿಗೆ ಬಂದ ಕೂಡಲೇ ಸರ್ವರ್ ಈ ಪಟ್ಟಿ ನೋಡಿ, ಹೆಸರಿದ್ದರೆ ಅಲ್ಲಿಂದಲೇ ವಾಪಸ್ ಕಳುಹಿಸುತ್ತದೆ.

ಅನುಕೂಲ ದೊಡ್ಡದು. ಮೇಲ್‌ನ ಒಳಗಿನ ಮಾತು ಓದುವ ಅಗತ್ಯವಿಲ್ಲ, ಕೆಲಸ ವೇಗ, ಖರ್ಚು ಕಡಿಮೆ. ಇನ್ನೊಂದು ಲಾಭ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಬಾಗಿಲಲ್ಲೇ ತಿರಸ್ಕಾರವಾದರೆ ಕಳುಹಿಸಿದವರಿಗೆ "ತಲುಪಿಲ್ಲ" ಎಂಬ ಸೂಚನೆ ಹೋಗುತ್ತದೆ. ಅವರು ಫೋನ್ ಮಾಡಿಯಾದರೂ ವಿಷಯ ಮುಟ್ಟಿಸಬಹುದು. ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದಾಗ ಹೀಗಾಗುವುದಿಲ್ಲ. ಕಳುಹಿಸಿದವರು ತಲುಪಿತು ಅಂದುಕೊಳ್ಳುತ್ತಾರೆ, ಪಡೆಯಬೇಕಾದವರು ಬಂದೇ ಇಲ್ಲ ಅಂದುಕೊಳ್ಳುತ್ತಾರೆ. ಆ ಹುಡುಗಿಯ ವಿಷಯದಲ್ಲಿ ಆಗಿದ್ದೂ ಇದೇ.

ಅನನುಕೂಲ: ಒಬ್ಬರ ತಪ್ಪಿಗೆ ಓಣಿಯವರಿಗೆಲ್ಲ ಶಿಕ್ಷೆ. ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲಿ ಹತ್ತಾರು ಸಣ್ಣ ಅಂಗಡಿ, ಶಾಲೆ, ಟ್ರಸ್ಟ್‌ಗಳು ಒಂದೇ ಸರ್ವರ್ ಹಂಚಿಕೊಂಡಿರುತ್ತವೆ. ಅದರಲ್ಲಿ ಒಬ್ಬರ ಅಕೌಂಟ್ ಹ್ಯಾಕ್ ಆಗಿ ಸ್ಪ್ಯಾಮ್ ಹೋದರೆ ಉಳಿದವರ ಮೇಲ್‌ಗೂ ತಡೆ ಬೀಳಬಹುದು. ಪಟ್ಟಿ ನಡೆಸುವವರೇ ಎಡವಿದರೆ ಇನ್ನೂ ಕಷ್ಟ. 2003ರ ಆಗಸ್ಟ್‌ನಲ್ಲಿ ಓಸಿರುಸಾಫ್ಟ್ ಎಂಬ ಪಟ್ಟಿ ಮುಚ್ಚುವಾಗ ಜಗತ್ತಿನ ಎಲ್ಲ ವಿಳಾಸಗಳನ್ನೂ "ಸ್ಪ್ಯಾಮ್" ಎಂದುಬಿಟ್ಟಿತು. ಅದನ್ನೇ ನಂಬಿದ್ದ ಸರ್ವರ್‌ಗಳು ಬಂದ ಮೇಲ್‌ಗಳನ್ನೆಲ್ಲ ತಿರಸ್ಕರಿಸತೊಡಗಿದವು.

4. ಕಲಿಯುವ ಫಿಲ್ಟರ್

ಇವತ್ತು ನಿಮ್ಮ ಮೊಬೈಲ್‌ನ ಮೇಲ್ ಕಾಯುವುದರಲ್ಲಿ ಇದರ ಪಾತ್ರ ದೊಡ್ಡದು. 18ನೇ ಶತಮಾನದ ಇಂಗ್ಲೆಂಡಿನ ಥಾಮಸ್ ಬೇಯ್ಸ್ ಅವರ ಸಂಭವನೀಯತೆಯ ಸೂತ್ರ ಇದರ ಬುನಾದಿ. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಬರೆದ ಪ್ರಬಂಧದಿಂದ ಇದು ಜನಪ್ರಿಯವಾಯಿತು.

ಇದು ಕೆಲಸ ಮಾಡುವ ಬಗೆ ಹೀಗೆ. ನಿಮ್ಮ 100 ಸ್ಪ್ಯಾಮ್‌ಗಳಲ್ಲಿ 40ರಲ್ಲಿ "ಲಾಟರಿ" ಪದ ಇದೆ, 100 ಒಳ್ಳೆಯ ಮೇಲ್‌ಗಳಲ್ಲಿ ಒಂದರಲ್ಲಿ ಮಾತ್ರ ಇದೆ ಎಂದುಕೊಳ್ಳಿ. ಆ ಪದ ಇರುವ 41 ಮೇಲ್‌ಗಳಲ್ಲಿ 40 ಸ್ಪ್ಯಾಮ್, ಅಂದರೆ ಸುಮಾರು ಶೇಕಡಾ 98. ಹೀಗೆ ಪ್ರತಿ ಪದಕ್ಕೂ ಒಂದು ಅಂಕ ಕೊಟ್ಟು, ಎಲ್ಲ ಸೇರಿಸಿ ತೀರ್ಮಾನಿಸುತ್ತದೆ. ಒಂದೇ ಪದ ನೋಡಿ ತೀರ್ಪು ಕೊಡುವುದಿಲ್ಲ. ಮನುಷ್ಯರ ಕಣ್ಣಿಗೆ ಬೀಳದ ಸುಳಿವನ್ನೂ ಹಿಡಿಯುತ್ತದೆ. ಅಕ್ಷರಗಳಿಗೆ ಕಡು ಕೆಂಪು ಬಣ್ಣ ಕೊಡುವ ಸಂಕೇತ ಕೂಡ ಸ್ಪ್ಯಾಮ್‌ನ ಬಲವಾದ ಗುರುತು ಎಂಬುದು ಗ್ರಹಾಂ ಅವರಿಗೆ ಹೀಗೆಯೇ ತಿಳಿದಿತ್ತು.

ಇದು ಒಬ್ಬೊಬ್ಬರಿಗೆ ತಕ್ಕಂತೆಯೂ ಕಲಿಯಬಲ್ಲದು. ಕೇರಳದಲ್ಲಿ ಸರ್ಕಾರದ್ದೇ ಲಾಟರಿ ಇಲಾಖೆ ಇದೆ. ಅಲ್ಲಿನ ಗುಮಾಸ್ತರಿಗೆ "ಲಾಟರಿ" ಎಂಬುದು ದಿನನಿತ್ಯದ ಕಚೇರಿ ಪದ. ಅವರ ಫಿಲ್ಟರ್ ಅದನ್ನು ಒಳ್ಳೆಯದೆಂದೇ ಕಲಿಯುತ್ತದೆ.

ಈಗಿನ ದೊಡ್ಡ ಕಂಪನಿಗಳು ಇದಕ್ಕಿಂತ ಬಹಳ ಮುಂದುವರಿದ ಕೃತಕ ಬುದ್ಧಿಮತ್ತೆ ಬಳಸುತ್ತವೆ. ಜಿಮೇಲ್ ಶೇಕಡಾ 99.9ಕ್ಕಿಂತ ಹೆಚ್ಚು ಕೆಟ್ಟ ಮೇಲ್‌ಗಳನ್ನು ತಡೆಯುತ್ತದೆ, ದಿನಕ್ಕೆ ಸುಮಾರು 1,500 ಕೋಟಿ ಎಂದು ಗೂಗಲ್ 2023ರಲ್ಲಿ ಹೇಳಿಕೊಂಡಿತ್ತು. ಆ ಲೆಕ್ಕವನ್ನೇ ಒಪ್ಪಿದರೂ, ಉಳಿದ ಶೇಕಡಾ 0.1 ಎಂದರೆ ದಿನಕ್ಕೆ ಒಂದೂವರೆ ಕೋಟಿಯಷ್ಟು ಆಗಬಹುದು.

ಅನನುಕೂಲಗಳೂ ಇವೆ. ಮೊದಲನೆಯದು, ಯಂತ್ರ ನಿಮ್ಮ ಮೇಲ್‌ನ ಒಳಗಿನ ಮಾತನ್ನು ಓದಲೇಬೇಕು. ಜಾಹೀರಾತು ತೋರಿಸಲು ಜಿಮೇಲ್‌ನ ಒಳಮಾತು ಬಳಸುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಹೇಳಿತು. ಸ್ಪ್ಯಾಮ್ ತಪಾಸಣೆಗೆ ಓದುವುದು ಮುಂದುವರಿದಿದೆ. ಎರಡನೆಯದು, ಏಕೆ ತಡೆಯಿತು ಎಂದು ಕೇಳಿದರೆ ಸ್ಪಷ್ಟ ಉತ್ತರ ಸಿಗುವುದಿಲ್ಲ. ಮೂರನೆಯದು, ಕಲಿಯಲು ಮಾದರಿ ಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. "ಬಹುಮಾನ" ಎಂಬ ಒಂದೇ ಪದವನ್ನು ನಾಲ್ಕು ರೀತಿ ಬರೆದರೆ ಪದಗಳನ್ನು ಎಣಿಸುವ ಯಂತ್ರಕ್ಕೆ ಅವು ನಾಲ್ಕು ಬೇರೆ ಪದಗಳು. ನಾಲ್ಕನೆಯದು, ವಂಚಕರೂ ಕಲಿಯುತ್ತಾರೆ. ಸ್ಪ್ಯಾಮ್‌ನ ಕೆಳಗೆ ಕಥೆ-ಕಾದಂಬರಿಯ ಸಾಲು ತುರುಕಿ ಅಂಕ ತಗ್ಗಿಸುವುದು, ಮಾತನ್ನೆಲ್ಲ ಫೋಟೊದೊಳಗೆ ಬರೆದು ಕಳುಹಿಸುವುದು ಅವರ ಹಳೆಯ ಉಪಾಯಗಳು.

5. ಗುರುತಿನ ಪರೀಕ್ಷೆ

ಲಕೋಟೆಯ "ಇಂದ" ಭಾಗವನ್ನು ಯಾರೂ ಪರೀಕ್ಷಿಸುವುದಿಲ್ಲ ಎಂದೆವಲ್ಲ, ಆ ಕೊರತೆ ತುಂಬಲು ಮೂರು ವ್ಯವಸ್ಥೆಗಳು ಬಂದವು. ಎಸ್‌ಪಿಎಫ್: ನಮ್ಮ ಹೆಸರಿನಲ್ಲಿ ಮೇಲ್ ಕಳುಹಿಸಲು ಇಂಥ ಸರ್ವರ್‌ಗಳಿಗೆ ಮಾತ್ರ ಅನುಮತಿ ಎಂದು ಸಂಸ್ಥೆ ಮೊದಲೇ ಪ್ರಕಟಿಸುತ್ತದೆ. ಡಿಕೆಐಎಂ: ಮೇಲ್‌ಗೆ ಡಿಜಿಟಲ್ ಮೊಹರು ಬೀಳುತ್ತದೆ, ದಾರಿಯಲ್ಲಿ ಯಾರಾದರೂ ತಿದ್ದಿದರೆ ಮೊಹರು ಹೊಂದುವುದಿಲ್ಲ. ಡಿಮಾರ್ಕ್: ಈ ಎರಡರಲ್ಲಿ ಯಾವುದೂ ಹೊಂದದಿದ್ದರೆ ಏನು ಮಾಡಬೇಕು, ಬಿಡಬೇಕೋ, ಸ್ಪ್ಯಾಮ್‌ಗೆ ಹಾಕಬೇಕೋ, ತಿರಸ್ಕರಿಸಬೇಕೋ ಎಂಬ ಸೂಚನೆ ಕೊಡುತ್ತದೆ.

2024ರ ಫೆಬ್ರವರಿಯಿಂದ, ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರು ಈ ಮೂರನ್ನೂ ಹೊಂದಿರಬೇಕು ಎಂದು ಗೂಗಲ್ ನಿಯಮ ಮಾಡಿತು. ದೊಡ್ಡ ಸಂಖ್ಯೆಯಲ್ಲಿ ಕಳುಹಿಸುವವರಿಗೆ ಯಾಹೂ ಕೂಡ ಇಂಥದ್ದೇ ನಿಯಮ ತಂದಿತು. ಬೇರೆಯವರ ಹೆಸರನ್ನು ಯಥಾವತ್ತಾಗಿ ಕದಿಯುವುದು ಇದರಿಂದ ಕಷ್ಟವಾಗಿದೆ.

ಆದರೆ ಗುರುತಿನ ಚೀಟಿ ಇದ್ದವರೆಲ್ಲ ಸಂಭಾವಿತರಲ್ಲ. ವಂಚಕ ತನ್ನದೇ ಹೆಸರಿನ ವೆಬ್ ವಿಳಾಸ ಕೊಂಡು, ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ, ಮೂರೂ ಪರೀಕ್ಷೆಯನ್ನು ನೆಟ್ಟಗೆ ಪಾಸು ಮಾಡಬಹುದು. ಮೇಲ್ ಬಂದದ್ದು ಆ ವಿಳಾಸದಿಂದಲೇ ಎಂಬುದಷ್ಟೇ ಇಲ್ಲಿ ಖಾತ್ರಿ. ಇನ್ನೊಂದು ಕಡೆ, ಒಳ್ಳೆಯ ಮೇಲ್‌ಗೂ ಪೆಟ್ಟು ಬೀಳುತ್ತದೆ. ಕಾಲೇಜಿನ ಹಳೆಯ ಮೇಲ್ ವಿಳಾಸದಿಂದ ಜಿಮೇಲ್‌ಗೆ ತಾನಾಗಿಯೇ ಫಾರ್ವರ್ಡ್ ಆಗುವಂತೆ ಮಾಡಿಕೊಂಡಿದ್ದರೆ ಎಸ್‌ಪಿಎಫ್ ತಪ್ಪಬಹುದು. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ ಬಿಗಿ ಮಾಡಿದಾಗ ಎಷ್ಟೋ ಗುಂಪು ಮೇಲ್‌ಗಳು ಸದಸ್ಯರಿಗೆ ತಲುಪದೇ ವಾಪಸಾದವು.

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆಂದೇ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ವೆಬ್ ವಿಳಾಸ ತಂದಿದೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಅದಕ್ಕೆ ಬದಲಾಗಬೇಕೆಂದು ಸೂಚಿಸಿತ್ತು. ಇದು ಎಲ್ಲರಿಗೂ ಸಿಗುವ ವಿಳಾಸವಲ್ಲವಾದ್ದರಿಂದ ವಂಚಕರಿಗೆ ನಕಲು ಮಾಡುವುದು ಕಷ್ಟ. ಬ್ಯಾಂಕಿನ ಲಿಂಕ್ ಎಂದು ಬಂದರೆ ವಿಳಾಸದ ಕೊನೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

6. ಕಾಯಿಸುವುದು ಮತ್ತು ಪ್ರಶ್ನಿಸುವುದು

2003ರಲ್ಲಿ ಬಂದ "ಗ್ರೇಲಿಸ್ಟಿಂಗ್" ವಿಧಾನದಲ್ಲಿ ಹೊಸಬರ ಮೇಲ್‌ಗೆ ಸರ್ವರ್ "ಸ್ವಲ್ಪ ಹೊತ್ತು ಬಿಟ್ಟು ಬಾ" ಎನ್ನುತ್ತದೆ. ಸರಿಯಾದ ಸರ್ವರ್ ಮತ್ತೆ ಬರುತ್ತದೆ, ಆತುರದ ಸ್ಪ್ಯಾಮ್ ಯಂತ್ರ ಎಷ್ಟೋ ಸಲ ಬರುವುದಿಲ್ಲ. ಒಳಗೆ ಏನಿದೆ ಎಂದು ಓದದೆಯೇ ಬಹಳಷ್ಟು ಕಸ ತಡೆಯಬಹುದು. ತೊಂದರೆ ಏನೆಂದರೆ, ಹತ್ತು ನಿಮಿಷದಲ್ಲಿ ಮುಗಿಯುವ ಓಟಿಪಿ ಹದಿನೈದು ನಿಮಿಷ ಬಿಟ್ಟು ಬಂದರೆ ಏನು ಪ್ರಯೋಜನ?

ಇನ್ನೊಂದು ವಿಧಾನದಲ್ಲಿ, ಅಪರಿಚಿತರು ಮೇಲ್ ಕಳುಹಿಸಿದರೆ "ನೀವು ಮನುಷ್ಯರೇ? ಇಲ್ಲಿ ಒತ್ತಿ" ಎಂಬ ಉತ್ತರ ಹೋಗುತ್ತದೆ. ಒತ್ತಿದರೆ ಮಾತ್ರ ಮೇಲ್ ಒಳಗೆ. ತಡೆ ಬಿಗಿ. ಆದರೆ ರೈಲು ಟಿಕೆಟ್, ಪರೀಕ್ಷಾ ಫಲಿತಾಂಶ ಕಳುಹಿಸುವುದು ಯಂತ್ರ, ಅದು ಒತ್ತುವುದಿಲ್ಲ. ಜೊತೆಗೆ ಸ್ಪ್ಯಾಮ್‌ನ "ಇಂದ" ವಿಳಾಸ ಕದ್ದದ್ದಾಗಿದ್ದರೆ ಆ ಪ್ರಶ್ನೆ ಏನೂ ತಿಳಿಯದ ಇನ್ಯಾರಿಗೋ ಹೋಗುತ್ತದೆ. ಅವರ ಪಾಲಿಗೆ ಅದೇ ಸ್ಪ್ಯಾಮ್.

7. ಕಾನೂನು

ಅಮೆರಿಕ 2003ರಲ್ಲಿ ಸ್ಪ್ಯಾಮ್ ಕಾನೂನು ತಂದಿತು. ಅಲ್ಲಿ ಜಾಹೀರಾತು ಮೇಲ್ ಕಳುಹಿಸಬಹುದು, ಬೇಡ ಎಂದರೆ ನಿಲ್ಲಿಸಬೇಕು. ಯುರೋಪಿನಲ್ಲಿ ಸಾಮಾನ್ಯವಾಗಿ ಮೊದಲೇ ಒಪ್ಪಿಗೆ ಬೇಕು. ಭಾರತದಲ್ಲಿ ಎಸ್‌ಎಂಎಸ್ ಮತ್ತು ಕರೆಗಳಿಗೆ ಟ್ರಾಯ್‌ನ 2018ರ ನಿಯಮಗಳಿವೆ, 1909ಕ್ಕೆ ದೂರು ಕೊಡಬಹುದು. ಇಮೇಲ್ ಸ್ಪ್ಯಾಮ್‌ಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಬೇರೆಯವರ ಸೋಗು ಹಾಕಿ ಆನ್‌ಲೈನ್‌ನಲ್ಲಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಸೆಕ್ಷನ್ ಅನ್ವಯಿಸುತ್ತದೆ.

ಮೂಲಕ್ಕೇ ಏಟು ಕೊಟ್ಟರೆ ಪರಿಣಾಮ ದೊಡ್ಡದು. 2008ರ ನವೆಂಬರ್‌ನಲ್ಲಿ ಸ್ಪ್ಯಾಮ್ ಜಾಲಗಳಿಗೆ ಆಸರೆಯಾಗಿದ್ದ ಮ್ಯಾಕೋಲೊ ಎಂಬ ಅಮೆರಿಕದ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿತಗೊಳಿಸಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಏರಿತು. ಎರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಮುಗಿಯುತ್ತದೆ ಎಂದು ಬಿಲ್ ಗೇಟ್ಸ್ 2004ರಲ್ಲಿ ಹೇಳಿದ್ದರು. ಏನಾಯಿತೆಂದು ನಿಮ್ಮ ಸ್ಪ್ಯಾಮ್ ಫೋಲ್ಡರ್ ನೋಡಿದರೆ ಗೊತ್ತಾಗುತ್ತದೆ.

ಹಾಗಾದರೆ ಫಾರ್ವರ್ಡ್‌ಗಳಲ್ಲಿ ಹೇಳುವುದು?

*"ಒಂದೇ ಸೆಟ್ಟಿಂಗ್‌ನಿಂದ ಸ್ಪ್ಯಾಮ್ ನಿಲ್ಲುತ್ತದೆ"*: ಸುಳ್ಳು. ದೊಡ್ಡ ಮೇಲ್ ಸೇವೆಗಳೇ ಹಲವು ವಿಧಾನಗಳನ್ನು ಒಂದರ ಮೇಲೊಂದು ಬಳಸುತ್ತವೆ, ಆದರೂ ತಪ್ಪುತ್ತವೆ.

*"ಸ್ಪ್ಯಾಮ್ ಫೋಲ್ಡರ್ ತೆರೆಯಲೇಬೇಡಿ"*: ಇದು ತಪ್ಪು ಸಲಹೆ, ನಷ್ಟವನ್ನೂ ಮಾಡಬಲ್ಲದು. ಫೋಲ್ಡರ್ ತೆರೆದು ಯಾರಿಂದ, ಯಾವ ವಿಷಯ ಎಂದು ಕಣ್ಣಾಡಿಸುವುದರಿಂದ ಏನೂ ಆಗುವುದಿಲ್ಲ. ಅಪಾಯ ಇರುವುದು ಅಲ್ಲಿನ ಲಿಂಕ್ ಒತ್ತುವುದರಲ್ಲಿ, ಫೈಲ್ ಡೌನ್‌ಲೋಡ್ ಮಾಡುವುದರಲ್ಲಿ. ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಹೋದ ಮೇಲ್ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

*"ಅನ್‌ಸಬ್‌ಸ್ಕ್ರೈಬ್ ಒತ್ತಲೇಬೇಡಿ"*: ಅರ್ಧ ಸತ್ಯ. ನೀವೇ ಹಿಂದೆ ಖರೀದಿ ಮಾಡಿದ, ಹೆಸರು ಕೊಟ್ಟ ಕಂಪನಿಯ ಮೇಲ್ ಆದರೆ ಮೇಲ್ ಆ್ಯಪ್‌ನವರೇ ತೋರಿಸುವ ಅನ್‌ಸಬ್‌ಸ್ಕ್ರೈಬ್ ಬಟನ್ ಬಳಸಿ. ಗುರುತೇ ಇಲ್ಲದವರ ಮೇಲ್‌ನೊಳಗಿನ ಲಿಂಕ್ ಮಾತ್ರ ಒತ್ತಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಜನ ಇದ್ದಾರೆ ಎಂದು ನೀವೇ ತಿಳಿಸಿದಂತೆ, ಅಥವಾ ಅದು ನಕಲಿ ಪುಟಕ್ಕೆ ಕರೆದೊಯ್ಯಬಹುದು.

ನಾವು ಮಾಡಬಹುದಾದದ್ದು

ಕೆಲಸ, ಸೀಟು, ವೀಸಾ, ಆಸ್ಪತ್ರೆ ಎಂದು ಯಾವುದಾದರೂ ಮುಖ್ಯ ಮೇಲ್ ಕಾಯುತ್ತಿದ್ದರೆ ಸ್ಪ್ಯಾಮ್ ಫೋಲ್ಡರನ್ನು ದಿನಾ ನೋಡಿ. ಬೇರೆ ದಿನಗಳಲ್ಲಿ ವಾರಕ್ಕೊಮ್ಮೆ ಸಾಕು. ಒಳ್ಳೆಯ ಮೇಲ್ ಅಲ್ಲಿ ಸಿಕ್ಕರೆ "ನಾಟ್ ಸ್ಪ್ಯಾಮ್" ಒತ್ತಿ, ಕಳುಹಿಸಿದವರನ್ನು ಕಾಂಟ್ಯಾಕ್ಟ್‌ಗೆ ಸೇರಿಸಿ. ನಿಜವಾದ ಸ್ಪ್ಯಾಮ್ ಇನ್‌ಬಾಕ್ಸ್‌ಗೆ ಬಂದರೆ ಅಳಿಸುವ ಬದಲು "ರಿಪೋರ್ಟ್ ಸ್ಪ್ಯಾಮ್" ಒತ್ತಿ. ಕಳುಹಿಸುವವರ ಮೇಲೆ ಬರುವ ಇಂಥ ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಬಾರದು ಎಂಬುದು ಗೂಗಲ್‌ನ ನಿಯಮ. ಸಾವಿರಕ್ಕೆ ಮೂರು ಜನ ಒತ್ತಿದರೂ ಲೆಕ್ಕಕ್ಕೆ ಬರುತ್ತದೆ. ಅದೇ ಕಾರಣಕ್ಕೆ, ನೀವೇ ಕೇಳಿ ತರಿಸಿಕೊಂಡ ಮೇಲ್ ಮೇಲೆ ಬೇಸರಕ್ಕೆ ದೂರು ಒತ್ತಬೇಡಿ.

ಅಂಗಡಿ, ಆಫರ್, ಆ್ಯಪ್‌ಗಳಿಗೆ ಒಂದು ಬೇರೆ ಮೇಲ್ ವಿಳಾಸ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಕಳುಹಿಸಿದವರ ಹೆಸರು ಮಾತ್ರ ಕಾಣುತ್ತದೆ, ಅದನ್ನು ಒತ್ತಿ ಪೂರ್ತಿ ವಿಳಾಸ ನೋಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫಿಲ್ಟರ್ ನಮ್ಮ ಹೊರೆಯನ್ನು ಬಹಳಷ್ಟು ಇಳಿಸುತ್ತದೆ. ಆದರೆ ಯಾವ ಮೇಲ್ ನಮ್ಮ ಬದುಕಿಗೆ ಮುಖ್ಯ ಎಂಬುದು ಅದಕ್ಕೆ ಪೂರ್ತಿ ತಿಳಿಯದು. ಆ ಹುಡುಗಿ ಈಗ ಬೆಳಿಗ್ಗೆ ಇನ್‌ಬಾಕ್ಸ್ ನೋಡಿದ ಮೇಲೆ ಸ್ಪ್ಯಾಮ್ ಫೋಲ್ಡರಿಗೂ ಒಮ್ಮೆ ಕಣ್ಣು ಹಾಯಿಸುತ್ತಾಳೆ. ಮುಂದಿನ ಸಲ "ಸ್ಪ್ಯಾಮ್ ಫೋಲ್ಡರ್ ತೆರೆಯಬೇಡಿ" ಎಂಬ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳುಹಿಸುವ ಮೊದಲು ನೀವೂ ನಿಮ್ಮದನ್ನು ತೆರೆದು ನೋಡಿ.